ಸಮುದ್ರದ ರಿಗ್ ಕೆಲಸಕ್ಕೆ ಏಜೆಂಟರಿಗೆ ಮೂರೂವರೆ ಲಕ್ಷ ಕೊಡಬೇಕೇ?

ಪ್ರಶ್ನೆ: ನಮ್ಮದು ಬಂಗಾರಪೇಟೆ ತಾಲ್ಲೂಕು. ಮಗ ಐಟಿಐ ಫಿಟ್ಟರ್ ಮುಗಿಸಿ ನರಸಾಪುರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದಾನೆ. ಸಮುದ್ರದಲ್ಲಿ ತೈಲ ತೆಗೆಯುವ ರಿಗ್‌ನಲ್ಲಿ ಕೆಲಸ ಕೊಡಿಸುತ್ತೇನೆ, ತರಬೇತಿ, ವೀಸಾ ಎಲ್ಲ ಸೇರಿ ಮೂರೂವರೆ ಲಕ್ಷ ಆಗುತ್ತದೆ ಎಂದು ಬೆಂಗಳೂರಿನ ಏಜೆಂಟರೊಬ್ಬರು ಹೇಳಿದ್ದಾರೆ. ಇರುವ ಜಮೀನಿನಲ್ಲಿ ಅರ್ಧ ಎಕರೆ ಅಡವಿಟ್ಟು ಕೊಡೋಣವೇ? ಇಂಥ ಕೆಲಸ ನಿಜಕ್ಕೂ ನಮ್ಮ ಕಡೆಯ ಹುಡುಗರಿಗೆ ಸಿಗುತ್ತದೆಯೇ?

ಉತ್ತರ: ಜಮೀನು ಅಡವಿಡಬೇಡಿ. ಕೆಲಸ ಇರುವುದು ನಿಜ, ಕೋಲಾರದ ಹುಡುಗನಿಗೆ ಅದು ಸಿಗಬಹುದು ಎನ್ನುವುದೂ ನಿಜ. ಆದರೆ ಆ ದಾರಿ ಏಜೆಂಟರ ಮೇಜಿನಿಂದ ಶುರುವಾಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಇಂಥ ಏಜೆಂಟರು ಕೊಡುವ ಪತ್ರದ ವಿಷಯ. ನಿಮ್ಮ ಕೈಗೂ ಒಂದು ನೇಮಕಾತಿ ಪತ್ರ ಬಂದಿದ್ದರೆ ಬೆಳಕಿಗೆ ಹಿಡಿದು ನಿಧಾನವಾಗಿ ಓದಿ. ತುಮಕೂರಿನ ಹುಡುಗನೊಬ್ಬ ತಂದು ತೋರಿಸಿದ ಪತ್ರದಲ್ಲಿ ಜಗತ್ಪ್ರಸಿದ್ಧ ತೈಲ ಕಂಪನಿಯೊಂದರ ಲಾಂಛನವಿತ್ತು, ಅಂಚುಗಳು ಮಾತ್ರ ಮಸುಕಾಗಿದ್ದವು. ಹುದ್ದೆ ರೌಸ್ಟಬೌಟ್, ಅಂದರೆ ರಿಗ್‌ನ ಡೆಕ್ಕಿನ ಮೇಲೆ ಸಾಮಾನು ಸಾಗಿಸುವ, ತೊಳೆಯುವ, ಬಣ್ಣ ಬಳಿಯುವ ಕೆಳಗಿನ ಮೆಟ್ಟಿಲಿನ ಕೆಲಸ. ಅನುಭವ ಬೇಕಿಲ್ಲ, ಸಂಬಳ ಡಾಲರಿನಲ್ಲಿ, ವರ್ಷಕ್ಕೊಮ್ಮೆ ಮನೆಯವರಿಗೂ ವಿಮಾನದ ಟಿಕೆಟ್. ಕೊನೆಯಲ್ಲಿ ವೈದ್ಯಕೀಯ ತಪಾಸಣೆ ಮತ್ತು ವೀಸಾಗೆ ಠೇವಣಿ, ಕೆಲಸಕ್ಕೆ ಸೇರಿದ ಮೇಲೆ ಅದು ವಾಪಸ್. ಠೇವಣಿ ಕಟ್ಟಬೇಕಾಗಿದ್ದದ್ದು ವ್ಯಕ್ತಿಯೊಬ್ಬರ ಉಳಿತಾಯ ಖಾತೆಗೆ. ಇಮೇಲ್ ಬಂದದ್ದು ಯಾರು ಬೇಕಾದರೂ ತೆರೆಯಬಹುದಾದ ಉಚಿತ ವಿಳಾಸದಿಂದ. ಸಂದರ್ಶನ ನಡೆದದ್ದು ವಾಟ್ಸಾಪ್‌ನಲ್ಲಿ, ಕೇಳಿದ್ದು ಹೆಸರು, ವಯಸ್ಸು ಮತ್ತು ಪಾಸ್‌ಪೋರ್ಟ್ ಇದೆಯೇ ಎಂಬುದಷ್ಟೇ.

ಫಿಟ್ಟರ್ ಒಬ್ಬನನ್ನು ನಿಜವಾಗಿ ಬೇಕೆಂದು ಕರೆಯುವವರು ಹೀಗೆ ಕೇಳುವುದಿಲ್ಲ. ಫ್ಲ್ಯಾಂಜಿನ ಬೋಲ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿಯುತ್ತೀಯ? ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಬಹುದೇ? ಪೈಪಿನೊಳಗೆ ಒತ್ತಡ ಉಳಿದಿಲ್ಲ ಎಂದು ಹೇಗೆ ಖಾತ್ರಿ ಮಾಡಿಕೊಳ್ಳುತ್ತೀಯ? ಕೆಲಸ ಶುರು ಮಾಡುವ ಮೊದಲು ಪರ್ಮಿಟ್‌ಗೆ, ಅಂದರೆ ಕೆಲಸದ ಅನುಮತಿ ಚೀಟಿಗೆ, ಯಾರ ಸಹಿ ಬೇಕು? ಇವು ಅಲ್ಲಿನ ಪ್ರಶ್ನೆಗಳು. ಇವುಗಳಿಗೆ ಉತ್ತರ ಗೊತ್ತಿರುವ ಹುಡುಗನನ್ನು ಕಂಪನಿಗಳೇ ಹುಡುಕುತ್ತವೆ.

ಇನ್ನು ಕೆಲಸ ಎಲ್ಲಿದೆ ಎಂಬ ಮಾತು. ಕರ್ನಾಟಕದ ಕಡಲಿನಲ್ಲಿ ತೈಲ ಉತ್ಪಾದಿಸುವ ಬಾವಿಗಳಿಲ್ಲ. ನಮ್ಮ ದೇಶದ ಬಹುಪಾಲು ಸಮುದ್ರದ ತೈಲ ಬರುವುದು ಪಶ್ಚಿಮದಲ್ಲಿ, ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ಆಚೆ ಇರುವ ಮುಂಬೈ ಹೈ ಮತ್ತು ಅದರ ಸುತ್ತಲಿನ ಕ್ಷೇತ್ರಗಳಿಂದ. 1974ರಲ್ಲಿ ಸಾಗರ್ ಸಮ್ರಾಟ್ ಎಂಬ ರಿಗ್ ಅಲ್ಲಿ ತೈಲ ಕಂಡಿತು, 1976ರಲ್ಲಿ ಉತ್ಪಾದನೆ ಆರಂಭವಾಯಿತು. ಪೂರ್ವದಲ್ಲಿ ಕಾಕಿನಾಡದ ಎದುರು ಕೃಷ್ಣಾ-ಗೋದಾವರಿ ಕ್ಷೇತ್ರವಿದೆ. ಬಾವಿ ಕೊರೆಯುವ ರಿಗ್ ಬೇರೆ, ಕೊರೆದ ಬಾವಿಯಿಂದ ವರ್ಷಗಟ್ಟಲೆ ತೈಲ ಎತ್ತುವ ಪ್ಲಾಟ್‌ಫಾರ್ಮ್ ಬೇರೆ. ರಿಗ್‌ನಲ್ಲಿ ರೌಸ್ಟಬೌಟ್, ಫ್ಲೋರ್‌ಮನ್, ಡೆರಿಕ್‌ಮನ್, ಡ್ರಿಲ್ಲರ್, ಟೂಲ್‌ಪುಷರ್ ಎಂಬ ಏಣಿ ಇರುತ್ತದೆ. ಎರಡೂ ಕಡೆ ಎಲೆಕ್ಟ್ರಿಷಿಯನ್, ಮೆಕ್ಯಾನಿಕ್, ವೆಲ್ಡರ್, ಕ್ರೇನ್ ಆಪರೇಟರ್, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ಅಡುಗೆಯವರು, ವೈದ್ಯಕೀಯ ಸಹಾಯಕರು ಬೇಕು. ಇವರೆಲ್ಲರ ಸಂಬಳ ಒಂದೇ ಕಂಪನಿಯಿಂದ ಬರುವುದಿಲ್ಲ. ತೈಲ ಕ್ಷೇತ್ರ ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿಯದ್ದು, ರಿಗ್ ಇನ್ನೊಬ್ಬರದು, ಊಟ ಮತ್ತು ಸ್ವಚ್ಛತೆ ಮತ್ತೊಬ್ಬರ ಗುತ್ತಿಗೆ, ದುರಸ್ತಿ ಬೇರೆಯೇ ಗುತ್ತಿಗೆದಾರರದು ಎಂಬಂತಹ ಏರ್ಪಾಡು ಸಾಮಾನ್ಯ. ತೈಲ ಕಂಪನಿಯ ಹೆಸರು ಹೇಳಿ ಹಣ ಕೇಳುವವರಿಗೆ ಈ ಗೊಂದಲವೇ ಬಂಡವಾಳ.

ಹಾಗಾದರೆ ಒಳಗೆ ಹೋಗುವುದು ಹೇಗೆ? ಕಸುಬು ಹಿಡಿದು ಹೋಗಬೇಕು, ಮತ್ತು ಆ ಕಸುಬನ್ನು ಮೊದಲು ನೆಲದ ಮೇಲೆ ಗಟ್ಟಿ ಮಾಡಿಕೊಳ್ಳಬೇಕು. ಹೆಲಿಕಾಪ್ಟರಿನ ಒಂದೊಂದು ಆಸನಕ್ಕೂ, ಪ್ಲಾಟ್‌ಫಾರ್ಮಿನ ಒಂದೊಂದು ಹಾಸಿಗೆಗೂ ಅಲ್ಲಿ ಲೆಕ್ಕವಿದೆ. ಕಲಿಯಲು ಬರುವವರಿಗಿಂತ ಕೆಲಸ ಬಲ್ಲವರಿಗೇ ಆ ಜಾಗ ಕೊಡುತ್ತಾರೆ.

ವೆಲ್ಡರನ್ನೇ ತೆಗೆದುಕೊಳ್ಳಿ. ಗೇಟು, ಗ್ರಿಲ್ಲು, ಟ್ರೇಲರ್ ಮಾಡಿ ಕೈ ಪಳಗಿದವನೂ 6ಜಿ ಪರೀಕ್ಷೆಯಲ್ಲಿ ಬೆವರುತ್ತಾನೆ. ಪೈಪನ್ನು ನಲವತ್ತೈದು ಡಿಗ್ರಿ ಓರೆಯಾಗಿ ಬಿಗಿದು ಬಿಡುತ್ತಾರೆ, ತಿರುಗಿಸುವಂತಿಲ್ಲ. ವೆಲ್ಡರ್ ತಾನೇ ಬಾಗಿ, ಮಂಡಿಯೂರಿ, ತಲೆ ಓರೆ ಮಾಡಿ ಸುತ್ತಲೂ ಬೆಸೆಯಬೇಕು. ಕೆಳಗಿನಿಂದ ಮೇಲಕ್ಕೆ ಬೆಸೆಯುವಾಗ ಕರಗಿದ ಲೋಹ ಜಾರಬಾರದು, ಒಳಗಿನ ಮೊದಲ ಪದರ ಪೂರ್ತಿ ತುಂಬಿರಬೇಕು. ಆಮೇಲೆ ಆ ಬೆಸುಗೆಯ ಎಕ್ಸ್‌ರೇ ತೆಗೆಯುತ್ತಾರೆ ಅಥವಾ ತುಂಡು ಕತ್ತರಿಸಿ ಬಗ್ಗಿಸಿ ನೋಡುತ್ತಾರೆ. ಹೊರಗಿನಿಂದ ನುಣುಪಾಗಿ ಕಂಡದ್ದು ಅಲ್ಲಿ ಉಳಿಯುವುದಿಲ್ಲ. ಈ ಪರೀಕ್ಷೆ ಪಾಸಾದ ವೆಲ್ಡರ್‌ಗೆ ಮಂಗಳೂರಿನ ರಿಫೈನರಿಯಿಂದ ಹಿಡಿದು ಕೊಲ್ಲಿ ದೇಶಗಳವರೆಗೆ ಕೆಲಸವಿದೆ.

ನಿಮ್ಮ ಮಗನಿಗೆ ಹತ್ತಿರದ ಮೆಟ್ಟಿಲು ಇಲ್ಲಿಯೇ ಇವೆ. ಮಂಗಳೂರಿನ ಎಂಆರ್‌ಪಿಎಲ್‌ನಂತಹ ರಿಫೈನರಿಗಳು ನಿಗದಿತ ಕಾಲಕ್ಕೊಮ್ಮೆ ಘಟಕಗಳನ್ನು ನಿಲ್ಲಿಸಿ ದೊಡ್ಡ ದುರಸ್ತಿ ನಡೆಸುತ್ತವೆ. ಆಗ ಗುತ್ತಿಗೆದಾರರಿಗೆ ಫಿಟ್ಟರ್, ವೆಲ್ಡರ್, ಭಾರ ಎತ್ತಿ ಇಳಿಸುವ ರಿಗ್ಗರ್‌ಗಳು ದೊಡ್ಡ ಸಂಖ್ಯೆಯಲ್ಲಿ ಬೇಕಾಗುತ್ತಾರೆ. ಪರ್ಮಿಟ್ ವ್ಯವಸ್ಥೆ, ಅನಿಲ ಪರೀಕ್ಷೆ, ದುರಸ್ತಿಯ ನಡುವೆ ಯಾರೂ ಯಂತ್ರ ಚಾಲೂ ಮಾಡದಂತೆ ಬೀಗ ಹಾಕಿ ಚೀಟಿ ಕಟ್ಟುವ ಪದ್ಧತಿ, ಇವನ್ನೆಲ್ಲ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಚೆನ್ನೈ ಬಳಿಯ ಕಾಟ್ಟುಪಳ್ಳಿಯಲ್ಲಿ ಸಮುದ್ರದ ಪ್ಲಾಟ್‌ಫಾರ್ಮುಗಳ ಭಾಗಗಳನ್ನೇ ಕಟ್ಟುವ ಯಾರ್ಡ್ ಇದೆ. ಬಂಗಾರಪೇಟೆಯಿಂದ ಚೆನ್ನೈಗೆ ನೇರ ರೈಲುಗಳಿವೆ. ಡ್ರಿಲ್ಲಿಂಗ್ ಕಡೆಗೇ ಒಲವಿದ್ದರೆ ಕಾರೈಕಾಲ್, ರಾಜಮಂಡ್ರಿ ಭಾಗದಲ್ಲಿ ನೆಲದ ಮೇಲಿನ ರಿಗ್‌ಗಳು ಕೆಲಸ ಮಾಡುತ್ತವೆ. ಅಲ್ಲಿ ದುಡಿದವರು ಮುಂದೆ ಸಮುದ್ರಕ್ಕೆ ಹೋಗುವುದು ರೂಢಿ.

ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡಿದ ಅನುಭವ ನಡೆಯುತ್ತದೆಯೇ ಎಂದು ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಅನೇಕರು ಕೇಳುತ್ತಾರೆ. ಸಾವಿರಾರು ಅಡಿ ಕೊರೆದರೂ ನೀರು ಕಾಣದ ನೆಲದಲ್ಲಿ ಈ ಪ್ರಶ್ನೆ ಬರುವುದು ಸಹಜ. ಪೈಪು ಹಿಡಿದು ಜೋಡಿಸುವ ಕೈಚಳಕ, ಸದ್ದಿನ ನಡುವೆ ರಾತ್ರಿಯಿಡೀ ನಿಂತು ದುಡಿಯುವ ಶಕ್ತಿ ಉಪಯೋಗಕ್ಕೆ ಬರುತ್ತವೆ, ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ. ಆದರೆ ಬೋರ್‌ವೆಲ್ ಕೊರೆಯುವುದು ಗಾಳಿಯ ಒತ್ತಡದಿಂದ. ತೈಲ ಬಾವಿಯಲ್ಲಿ ಭಾರವಾದ ಕೆಸರುದ್ರವವನ್ನು ಒಳಗೆ ಹರಿಸಿ, ಕೆಳಗಿನ ಅನಿಲದ ಒತ್ತಡವನ್ನು ಅದರ ಭಾರದಿಂದ ತಡೆದು ಹಿಡಿದಿರುತ್ತಾರೆ. ಆ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್ ತೋರಿಸಿತು, ಹನ್ನೊಂದು ಜನ ಸತ್ತರು. ಆ ವಿದ್ಯೆಯನ್ನು ಬೇರೆಯಾಗಿಯೇ ಕಲಿಯಬೇಕು.

ಒಎನ್‌ಜಿಸಿಗೆ ನೇರವಾಗಿ ಸೇರುವ ಬಾಗಿಲೂ ಇದೆ. ಎಂಜಿನಿಯರ್‌ಗಳನ್ನೂ, ಐಟಿಐ ಮತ್ತು ಡಿಪ್ಲೊಮಾದವರನ್ನೂ ಆಗಾಗ ಹೊರಡಿಸುವ ಅಧಿಸೂಚನೆಯ ಮೂಲಕ ಆಯ್ಕೆ ಮಾಡುತ್ತಾರೆ. ಇದರ ಜೊತೆಗೆ ಅಪ್ರೆಂಟಿಸ್ ತರಬೇತಿಗೂ ಅರ್ಜಿ ಕರೆಯುತ್ತಾರೆ. ಅಪ್ರೆಂಟಿಸ್ ಆದ ಮಾತ್ರಕ್ಕೆ ಕಾಯಂ ಕೆಲಸ ಸಿಗುವುದಿಲ್ಲ, ಆದರೂ ತೈಲ ಉದ್ಯಮದ ಒಂದು ವರ್ಷದ ಅನುಭವ ಕಾಗದದ ಮೇಲೆ ಬರುತ್ತದೆ, ಸ್ಟೈಪೆಂಡ್ ಕೈಗೆ ಸಿಗುತ್ತದೆ. ನಿಮ್ಮ ಮಗ ಮೂರೂವರೆ ಲಕ್ಷದ ಯೋಚನೆ ಬಿಟ್ಟು ಈ ವಾರವೇ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲಿ. ಅದಕ್ಕೆ ಹಣ ಕೊಡಬೇಕಿಲ್ಲ.

ಏಜೆಂಟರು ಹೇಳಿದ ತರಬೇತಿಯ ಹೆಸರು ಬಹುಶಃ ಬೋಸಿಯೆಟ್. ಅದು ನಿಜವಾದ ತರಬೇತಿಯೇ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಸಮುದ್ರದಲ್ಲಿ ಬದುಕುಳಿಯುವುದು ಮತ್ತು ನೀರಿಗೆ ಬಿದ್ದ ಹೆಲಿಕಾಪ್ಟರಿನಿಂದ ಹೊರಬರುವುದನ್ನು ಸಾಮಾನ್ಯವಾಗಿ ಮೂರು ದಿನಗಳಲ್ಲಿ ಕಲಿಸುತ್ತಾರೆ. ಕೊನೆಯದೇ ಎಲ್ಲರನ್ನೂ ಹೆದರಿಸುವುದು. ಹೆಲಿಕಾಪ್ಟರಿನ ಒಳಭಾಗದಂತೆ ಮಾಡಿದ ಡಬ್ಬಿಯಲ್ಲಿ ಬೆಲ್ಟು ಬಿಗಿದು ಕೂರಿಸಿ, ಕೊಳದೊಳಗೆ ಇಳಿಸಿ ತಲೆಕೆಳಗು ಮಾಡುತ್ತಾರೆ. ಮೂಗಿಗೆ ನೀರು ನುಗ್ಗುತ್ತದೆ, ಮೇಲು ಕೆಳಗು ತಿಳಿಯುವುದಿಲ್ಲ. ಒಂದು ಕೈ ಕಿಟಕಿಯ ಅಂಚನ್ನು ಹಿಡಿದೇ ಇರಬೇಕು. ಡಬ್ಬಿಯ ಚಲನೆ ನಿಲ್ಲುವವರೆಗೆ ಕಾಯಬೇಕು, ಕಿಟಕಿಯನ್ನು ಹೊರಗೆ ತಳ್ಳಬೇಕು, ಆಮೇಲೆಯೇ ಬೆಲ್ಟು ಬಿಚ್ಚಬೇಕು. ಗಾಬರಿಯಲ್ಲಿ ಮೊದಲೇ ಬೆಲ್ಟು ಬಿಚ್ಚಿದವರು ದಿಕ್ಕು ತಪ್ಪಿ ತೇಲಾಡುತ್ತಾರೆ, ಮುಳುಗುಗಾರರು ಎಳೆದು ತರಬೇಕಾಗುತ್ತದೆ. ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು ಈ ತರಬೇತಿ ಮುಗಿಸುತ್ತಾರೆ. ಆದರೆ ನೀರಿನ ಭಯ ಇರಬಾರದು. ನಮ್ಮ ಕೆರೆ ಬಾವಿಗಳಲ್ಲಿ ನೀರು ನಿಂತ ವರ್ಷ ಅಪರೂಪ, ಈಜು ಕಲಿಯದೆ ಬೆಳೆದ ಹುಡುಗರು ಬಹಳ. ಪಟ್ಟಣದ ಈಜುಕೊಳದಲ್ಲಾದರೂ ಮೊದಲು ಕಲಿತುಕೊಳ್ಳುವುದು ಒಳ್ಳೆಯದು.

ಈ ಪ್ರಮಾಣಪತ್ರಕ್ಕೆ ನಾಲ್ಕು ವರ್ಷ ಮಾತ್ರ ಆಯಸ್ಸು, ಶುಲ್ಕವೂ ಹತ್ತಾರು ಸಾವಿರ. ಕಸುಬಿನ ಅನುಭವವಿಲ್ಲದೆ ಇದೊಂದನ್ನೇ ಹಿಡಿದು ಓಡಾಡುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಸಾಲ ತೀರುವ ಮೊದಲೇ ಪತ್ರದ ಅವಧಿ ತೀರಿರುತ್ತದೆ. ಕೆಲಸ ಕೊಡುವ ಕಂಪನಿ ಕಣ್ಣಿಗೆ ಕಂಡ ಮೇಲೆ ಮಾಡಿದರೆ ಸಾಕು, ಎಷ್ಟೋ ಕಂಪನಿಗಳು ತಾವೇ ಖರ್ಚು ಹಾಕಿ ಕಳುಹಿಸುತ್ತವೆ. ಸ್ವಂತ ಹಣದಲ್ಲಿ ಮಾಡುವುದಾದರೆ ಈ ತರಬೇತಿಯ ಮಾನದಂಡ ನಿಗದಿ ಮಾಡುವ ಒಪಿಟೋ ಸಂಸ್ಥೆಯ ಮಾನ್ಯತೆ ಇರುವ ಕೇಂದ್ರವೇ ಎಂದು ಆ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಳ್ಳಿ.

ವಿದೇಶದ ಕೆಲಸವಾದರೆ ಕಾನೂನು ಸ್ಪಷ್ಟವಾಗಿದೆ. 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ಏಜೆಂಟರು ಮಾತ್ರ ಜನರನ್ನು ಹೊರದೇಶದ ಕೆಲಸಕ್ಕೆ ಕಳುಹಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ನೋಂದಣಿ ಇದೆಯೇ ಎಂಬುದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರಿಗೂ ಕಾಣುತ್ತದೆ. ಹಡಗಿನ ಸಿಬ್ಬಂದಿಯಾಗಿ ಕಳುಹಿಸುತ್ತೇವೆ ಎನ್ನುವವರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು, ಅಂಥವರು ಕೆಲಸ ಕೊಡಿಸಿದ್ದಕ್ಕೆ ನಾವಿಕರಿಂದ ಶುಲ್ಕ ಪಡೆಯುವಂತೆಯೇ ಇಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಹತ್ತನೆಯ ತರಗತಿ ಪಾಸಾದವರಿಗೆ ಕೊಲ್ಲಿ ದೇಶಗಳಿಗೆ ಹೋಗಲು ವಲಸೆ ಅನುಮತಿ ಬೇಕಿಲ್ಲ. ಸುಲಭವಾಯಿತು ಅನಿಸಬಹುದು, ಆದರೆ ನಿಮ್ಮ ಮಗನ ಒಪ್ಪಂದವನ್ನು ಸರ್ಕಾರದ ಯಾವ ಅಧಿಕಾರಿಯೂ ಓದಿ ನೋಡುವುದಿಲ್ಲ ಎಂದೇ ಅದರ ಅರ್ಥ. ನೀವೇ ಓದಬೇಕು. ಮೊದಲು ಪ್ರವಾಸಿ ವೀಸಾದಲ್ಲಿ ಹೋಗಲಿ, ಆಮೇಲೆ ಬದಲಾಯಿಸೋಣ ಎಂದರೆ ಅಲ್ಲಿಗೇ ಮಾತು ಮುಗಿಸಿ ಎದ್ದು ಬನ್ನಿ.

ಈಗ ಅಪಾಯದ ಮಾತು, ಇದನ್ನು ಮನೆಯವರೆಲ್ಲ ಕೂತು ಕೇಳಬೇಕು. 2005ರ ಜುಲೈ 27ರಂದು ಮುಂಬೈ ಹೈನಲ್ಲಿ ಸಹಾಯಕ ಹಡಗೊಂದು ಪ್ಲಾಟ್‌ಫಾರ್ಮಿಗೆ ತಾಗಿ ಅನಿಲದ ಕೊಳವೆ ಒಡೆಯಿತು. ಬೆಂಕಿಗೆ 22 ಜನ ಬಲಿಯಾದರು. ಬೆರಳಿಗೆ ಗಾಯವಾಗಿದ್ದ ಅಡುಗೆಯವರೊಬ್ಬರನ್ನು ಚಿಕಿತ್ಸೆಗೆಂದು ದಾಟಿಸಲು ಆ ಹಡಗು ಹತ್ತಿರ ಬಂದಿತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಪಿ-305 ಎಂಬ ಬಾರ್ಜ್, ಅಂದರೆ ತಾನಾಗಿ ಚಲಿಸಲಾಗದ ಚಪ್ಪಟೆ ತಳದ ನೌಕೆ, ಮುಳುಗಿದಾಗ ಅದರಲ್ಲಿ 261 ಜನರಿದ್ದರು, ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ 186 ಜನರನ್ನು ಉಳಿಸಿದವು. ಅದರಲ್ಲಿ ಇದ್ದವರಲ್ಲಿ ಹೆಚ್ಚಿನವರು ಪ್ಲಾಟ್‌ಫಾರ್ಮಿನ ಕೆಲಸಕ್ಕೆ ಬಂದು ಬಾರ್ಜಿನಲ್ಲಿ ತಂಗಿದ್ದ ಗುತ್ತಿಗೆ ಕಾರ್ಮಿಕರು, ಅಂದರೆ ನಿಮ್ಮ ಮಗನಂಥ ಫಿಟ್ಟರ್, ವೆಲ್ಡರ್‌ಗಳು. ಲಂಗರುಗಳು ಕಿತ್ತುಹೋದ ಮೇಲೆ ಆ ಬಾರ್ಜಿಗೆ ತಾನಾಗಿ ಪಾರಾಗುವ ದಾರಿಯೇ ಇರಲಿಲ್ಲ.

ಹಾಗಾಗಿ ಸಹಿ ಹಾಕುವ ಮೊದಲು ಸಂಬಳಕ್ಕಿಂತ ಮುಂಚೆ ಕೇಳಬೇಕಾದದ್ದು ಇದು: ಮಲಗುವುದು ಎಲ್ಲಿ, ರಿಗ್‌ನಲ್ಲೋ ಬಾರ್ಜಿನಲ್ಲೋ? ಚಂಡಮಾರುತದ ಮುನ್ಸೂಚನೆ ಬಂದರೆ ವಾಪಸ್ ಕರೆತರುವ ನಿರ್ಧಾರ ಯಾರದು? ವಿಮೆ ಯಾರ ಹೆಸರಿನಲ್ಲಿ, ಪಾಲಿಸಿಯ ಪ್ರತಿ ಮನೆಗೆ ಸಿಗುತ್ತದೆಯೇ? ದಡದಲ್ಲಿರುವ ದಿನಗಳಿಗೂ ಸಂಬಳವಿದೆಯೇ, ಸಮುದ್ರದಲ್ಲಿದ್ದ ದಿನಗಳಿಗೆ ಮಾತ್ರವೇ? ದಿನಕ್ಕೆ ಹನ್ನೆರಡು ಗಂಟೆಯ ಪಾಳಿ, ಎರಡು ಅಥವಾ ನಾಲ್ಕು ವಾರ ಸಮುದ್ರ, ಅಷ್ಟೇ ದಿನ ಮನೆ ಎಂಬುದು ಸಾಮಾನ್ಯ ಕ್ರಮ. ಗುತ್ತಿಗೆ ಕೆಲಸದಲ್ಲಿ ಮನೆಯಲ್ಲಿದ್ದ ದಿನಗಳು ಎಷ್ಟೋ ಸಲ ಬರಿಗೈಯಲ್ಲೇ ಕಳೆಯುತ್ತವೆ. ತಿಂಗಳಿಗೆ ಇಷ್ಟು ಎಂದು ಹೇಳಿದ ಸಂಬಳವನ್ನು ವರ್ಷಕ್ಕೆ ಲೆಕ್ಕ ಹಾಕಿ, ನರಸಾಪುರದ ಗಳಿಕೆಯ ಪಕ್ಕದಲ್ಲಿ ಇಟ್ಟು ನೋಡಿ.

ಏಜೆಂಟರಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ ಸುಮ್ಮನೆ ಕಾಯಬೇಡಿ. ಆನ್‌ಲೈನ್‌ನಲ್ಲಿ ಕಳುಹಿಸಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಖಾತೆಯಲ್ಲೇ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೈಯಲ್ಲಿ ಕೊಟ್ಟಿದ್ದರೆ ವಾಟ್ಸಾಪ್ ಸಂದೇಶ, ಪತ್ರ, ಜೊತೆಗಿದ್ದವರ ಹೆಸರು ಎಲ್ಲವನ್ನೂ ಇಟ್ಟುಕೊಂಡು ಠಾಣೆಯಲ್ಲಿ ದೂರು ಬರೆಸಿ, ಇ-ಮೈಗ್ರೇಟ್‌ನಲ್ಲೂ ದಾಖಲಿಸಿ. ಮಗನ ಮೂಲ ಪಾಸ್‌ಪೋರ್ಟ್, ಐಟಿಐ ಅಂಕಪಟ್ಟಿ ಅವರ ಬಳಿ ಇದ್ದರೆ ಮೊದಲು ಅವನ್ನು ವಾಪಸ್ ಪಡೆಯಿರಿ. ಅಪ್ರೆಂಟಿಸ್ ಅರ್ಜಿಗೂ ಅವೇ ಬೇಕು.