ಕಂಬಿ ಕೆಲಸಕ್ಕೆ ದಾವಣಗೆರೆಯೇ ಸಾಕಾ, ಬೆಂಗಳೂರಿಗೆ ಹೋಗಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ಕಂಬಿ ಕಟ್ಟುವ ಕೆಲಸ ಮಾಡ್ತೀನಿ ಸರ್. ದಿನಕ್ಕೆ 900 ರೂಪಾಯಿ ಕೂಲಿ. ಬೆಂಗಳೂರಲ್ಲಿರುವ ಮೇಸ್ತ್ರಿ ಒಬ್ಬರು 1,200 ಕೊಡ್ತೀನಿ, ಇರೋಕೆ ಶೆಡ್ಡೂ ಇದೆ, ಬಾ ಅಂತಿದ್ದಾರೆ. ಮನೇಲಿ ಹೆಂಡತಿ, ಇಬ್ಬರು ಮಕ್ಕಳು. ಹೋಗೋದು ಒಳ್ಳೇದಾ?

ಉತ್ತರ: ತಿಂಗಳಿಗೆ 25 ದಿನವಾದರೂ ಕೆಲಸ ಖಾತ್ರಿ ಇದ್ದರೆ, ನೀವೊಬ್ಬರೇ ಹೋಗಿ. ಮನೆಮಂದಿಯನ್ನೆಲ್ಲ ಕರ್ಕೊಂಡು ಹೋಗುವ ಯೋಚನೆ ಇದ್ದರೆ ಬೇಡ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಕೂಲಿ ಎಷ್ಟು ಅಂದರೆ ಎಲ್ಲರೂ ದಿನದ ರೇಟು ಹೇಳ್ತಾರೆ. ಆದರೆ ಬಾಡಿಗೆ, ಹಾಲು, ಸ್ಕೂಲ್ ಫೀಸು ಎಲ್ಲ ತಿಂಗಳ ಲೆಕ್ಕ. ದಾವಣಗೆರೆಯಲ್ಲಿ ಈ ಕೆಲಸ ಬಹುತೇಕ ಮನೆ ಕಟ್ಟೋರದ್ದು. ಫುಟಿಂಗ್, ಅಂದರೆ ಪಾಯದ ಕಂಬಿ ಕಟ್ಟಿಕೊಟ್ಟ ಮೇಲೆ ಕಾಲಂಗೆ, ಅಂದರೆ ಕಂಬದ ಕೆಲಸಕ್ಕೆ ಕಾಯಬೇಕು. ಸೆಂಟ್ರಿಂಗ್‌ನವರು ಕಾಂಕ್ರೀಟ್ ಸುರಿಯೋಕೆ ಶೀಟು ಹೊಡೆಯೋವರೆಗೆ ಕಾಯಬೇಕು. ಮನೆ ಮಾಲೀಕರಿಗೆ ಬ್ಯಾಂಕಿನ ಕಂತು ಬರೋವರೆಗೂ ಕಾಯಬೇಕು. ಹೀಗೆ ತಿಂಗಳಿಗೆ 20 ದಿನ ಸಿಕ್ಕಿತು ಅಂತಿಟ್ಟುಕೊಳ್ಳಿ. 18,000 ಆಯ್ತು. ಮನೆ ಖರ್ಚು 14,000 ಹೋದರೆ 4,000 ಉಳೀತು. ಖರ್ಚಿನ ಅಂಕಿಗಳೆಲ್ಲ ನನ್ನ ಅಂದಾಜು, ನಿಮ್ಮ ಮನೆಯದನ್ನು ನೀವೇ ಹಾಕಿಕೊಳ್ಳಿ.

ಬೆಂಗಳೂರಲ್ಲಿ 26 ದಿನ ಮಾಡಿದರೆ 31,200. ಊಟ ತಿಂಡಿಗೆ 6,500, ಬಸ್ಸು, ಮೊಬೈಲು ಅಂತ 2,500. ನೀವಿಲ್ಲ ಅಂತ ಊರಿನ ಮನೆ ಖರ್ಚು ನಿಲ್ಲಲ್ಲ. 12,000 ಆದರೂ ಬೇಕು. ಆಗ ಕೈಯಲ್ಲಿ 10,200 ಉಳಿಯುತ್ತೆ. ಚೆನ್ನಾಗಿದೆ ಅಲ್ವಾ? ಅದೇ 22 ದಿನಕ್ಕೆ ಇಳಿದರೆ ಬರೀ 5,400. ಹಬ್ಬಕ್ಕೆ ಬಂದು ನಾಲ್ಕು ದಿನ ಉಳಿದರೆ 4,800 ಕೂಲಿ ಹೋಯ್ತು. ಸುಮಾರು 260 ಕಿಲೋಮೀಟರ್ ದಾರಿ, ಮಗುವಿಗೆ ಜ್ವರ ಅಂದರೆ ಓಡಿ ಬರಲೇಬೇಕು. ಅದಕ್ಕೇ ನಾನು ಕೂಲಿಗಿಂತ ಜಾಸ್ತಿ ದಿನಗಳನ್ನೇ ನೋಡೋದು.

ಹೆಂಡತಿ ಮಕ್ಕಳೂ ಬಂದರೆ ಮಕ್ಕಳನ್ನಿಟ್ಟುಕೊಂಡು ಶೆಡ್ಡಲ್ಲಿ ಇರೋದು ಕಷ್ಟ, ನಾನಂತೂ ಬೇಡ ಅಂತೀನಿ. ಬಾಡಿಗೆ ಮನೆಗೆ ತಿಂಗಳಿಗೆ 8,000 ಅಂದುಕೊಂಡರೂ ಆರು ತಿಂಗಳ ಅಡ್ವಾನ್ಸ್ 48,000 ಮೊದಲೇ ಎಣಿಸಬೇಕು. ಅಷ್ಟು ದುಡ್ಡಿಗೆ ಸಾಲ ಮಾಡಿದರೆ ಹೆಚ್ಚಿಗೆ ಬಂದ ಕೂಲಿ ಬಹುಪಾಲು ಬಾಡಿಗೆ, ಬಡ್ಡಿಗೇ ಹೋಗುತ್ತೆ.

ಈಗ ಟನ್ ರೇಟಿನ ವಿಷಯ, ಅಂದರೆ ಕಟ್ಟಿದ ಕಂಬಿಯ ತೂಕಕ್ಕೆ ಕೂಲಿ. ದಿನಗೂಲಿ ಬೇಡ, ಟನ್ ಲೆಕ್ಕದಲ್ಲಿ ಗುತ್ತಿಗೆ ತಗೋ ಅಂತ ಮೇಸ್ತ್ರಿ ಹೇಳಬಹುದು. ಬೆಂಗಳೂರಿಗೆ ಹೋಗಿ ನಿಜವಾಗಿ ದುಡ್ಡು ಮಾಡಿದವರು ಹೆಚ್ಚಾಗಿ ಇದರಲ್ಲೇ ಮಾಡಿದ್ದು. ಕಂಬಿಯ ತೂಕದ ಲೆಕ್ಕ ಸುಲಭ: ಕಂಬಿಯ ದಪ್ಪ ಎಷ್ಟು ಎಂಎಂ ಅಂತ ನೋಡಿ, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತೆ. 12 ಮೀಟರ್ ಉದ್ದದ 8 ಎಂಎಂ ಕಂಬಿ 4.74 ಕೆ.ಜಿ. ಅದೇ ಉದ್ದದ 25 ಎಂಎಂ ಕಂಬಿ 46.3 ಕೆ.ಜಿ. ಅಂದರೆ ಒಂದು ಟನ್ ಆಗೋಕೆ 8 ಎಂಎಂ ಆದರೆ 211 ಕಂಬಿ ಬೇಕು, 25 ಎಂಎಂ ಆದರೆ 22 ಸಾಕು.

ಮನೆ ಕಟ್ಟುವ ಕೆಲಸದಲ್ಲಿ ಹೆಚ್ಚಾಗಿ ಇರೋದು 8, 10, 12 ಎಂಎಂ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯೋ ರಿಂಗು ಬಗ್ಗಿಸಿ ಬಗ್ಗಿಸಿ ಮಣಿಕಟ್ಟು ಹಿಡಿದುಕೊಳ್ಳುತ್ತೆ. ಮೋಲ್ಡಿನ (ಸ್ಲ್ಯಾಬಿನ) ಮೇಲೆ ಬಗ್ಗಿ ಕೂತು ಕಂಬಿ ಕೂಡುವ ಒಂದೊಂದು ಜಾಗಕ್ಕೂ ಬೈಂಡಿಂಗ್ ವೈರ್ ಹಾಕಿ ಕೊಕ್ಕೆ ತಿರುವಬೇಕು. ಸಂಜೆ ನೋಡಿದರೆ ತೂಕವೇ ಆಗಿರಲ್ಲ. ದೊಡ್ಡ ಅಪಾರ್ಟ್‌ಮೆಂಟಿನ ರಾಫ್ಟು (ಕಟ್ಟಡದಡಿ ಹಾಸುವ ಪಾಯ), ಕಾಲಂಗಳಲ್ಲಿ 20, 25, 32 ಎಂಎಂ. ಹೊರೋಕೆ ಭಾರ ನಿಜ, ಆದರೆ ತೂಕ ಬೇಗ ಏರುತ್ತೆ. ಹಾಗಾಗಿ ಟನ್ ರೇಟು ಒಪ್ಪುವ ಮೊದಲು ಯಾವ ಕಂಬಿ, ಯಾವ ಕೆಲಸ ಅಂತ ಡ್ರಾಯಿಂಗ್ ತೋರಿಸೋಕೆ ಹೇಳಿ. ಬರೀ ಸ್ಲ್ಯಾಬು, ರಿಂಗು ಆಗಿದ್ದರೆ ದಿನಗೂಲಿಯೇ ವಾಸಿ. ಕಂಬಿ ಮೇಲಿನ ಮಹಡಿಗೆ ಯಾರು ಸಾಗಿಸಬೇಕು ಅನ್ನೋದನ್ನೂ ಆಗಲೇ ಬಗೆಹರಿಸಿಕೊಳ್ಳಿ.

ಬಟವಾಡೆ ಯಾವಾಗ ಅಂತಲೂ ಕೇಳಿ. ವಾರಕ್ಕೆ ಖರ್ಚಿಗೆ ಅಂತ ಒಂದಿಷ್ಟು ಕೊಟ್ಟು, ಉಳಿದದ್ದು ಸ್ಲ್ಯಾಬ್ ಆದ ಮೇಲೆ ಅನ್ನೋ ಮೇಸ್ತ್ರಿಗಳು ಇದ್ದಾರೆ. ಅಂಥ ಕಡೆ 1,200 ಅನ್ನೋದು ಬಾಯಿಮಾತು ಅಷ್ಟೇ. ಹಾಜರಿ ಪುಸ್ತಕದ ಫೋಟೊ ದಿನಾ ಮೊಬೈಲಲ್ಲಿ ತೆಗೆದಿಟ್ಟುಕೊಳ್ಳಿ. ಹೊತ್ತು ಮೀರಿ ದುಡಿಸಿಕೊಂಡರೆ ಆ ಹೆಚ್ಚಿನ ಹೊತ್ತಿಗೆ (ಓಟಿ) ದುಪ್ಪಟ್ಟು ಕೂಲಿ ಕೊಡಬೇಕು, ಅದು ಕಾನೂನು. ಕಾಂಕ್ರೀಟ್ ಹಾಕುವ ರಾತ್ರಿ ಇದನ್ನು ಕೇಳೋಕೆ ಹಿಂಜರಿಯಬೇಡಿ.

ಬೆಂಗಳೂರಿಗೆ ಹೋಗುವ ಮೊದಲು ಒಮ್ಮೆ ಹತ್ತಿರದಲ್ಲೂ ವಿಚಾರಿಸಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ಮಾರ್ಗದ ಸೇತುವೆಗಳು, ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳು, ಇವೆಲ್ಲ ಕಂಬಿ ಜಾಸ್ತಿ ಬೇಡುವ ಕೆಲಸ. ಅಲ್ಲಿ 1,000 ಸಿಕ್ಕು 25 ದಿನ ನಡೆದರೆ 25,000 ಆಗುತ್ತೆ. ವಾರಕ್ಕೊಮ್ಮೆ ಮನೆಗೂ ಬರಬಹುದು. ಇಂಥದ್ದು ಸಿಕ್ಕರೆ ನಾನು ಬೆಂಗಳೂರಿನ 1,200 ಬಿಟ್ಟು ಇದನ್ನೇ ಹಿಡಿಯಿರಿ ಅಂತೀನಿ.

ಎಲ್ಲಿಗೇ ಹೋದರೂ ಲೇಬರ್ ಕಾರ್ಡ್ ಮಾಡಿಸಿಕೊಳ್ಳಿ. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಇದು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು, ಹಾಗಾಗಿ ದಾವಣಗೆರೆಯಲ್ಲಿ ಮಾಡಿಸಿದ್ದು ಬೆಂಗಳೂರಲ್ಲೂ ನಡೆಯುತ್ತೆ. ಗೋವಾ, ಪುಣೆ ಕಡೆ ಹೋದರೆ ಅಲ್ಲಿನ ಮಂಡಳಿಯೇ ಬೇರೆ.