ಅಸ್ತಮಾನೋ, ಸಿಒಪಿಡಿನೋ, ಇಲ್ಲಾ ಎರಡೂನೋ?

ಸಿಒಪಿಡಿ ಅಂದರೆ ಹೆಚ್ಚಾಗಿ ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ. 55 ದಾಟಿದ ಒಬ್ಬ ಹೆಂಗಸು ಅಂದುಕೊಳ್ಳಿ. ಚಿಕ್ಕಂದಿನಿಂದ ಆಗಾಗ ಉಬ್ಬಸ, ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೆ ವರ್ಷಗಟ್ಟಲೆ ಸೌದೆ ಒಲೆ ಊದಿದ್ದಾರೆ. ಈಗ ಮೆಟ್ಟಿಲು ಹತ್ತಿದರೆ ದಮ್ಮು, ಚಳಿ ಬಂತು ಅಂದರೆ ರಾತ್ರಿಯೆಲ್ಲ ಎದೆಯಲ್ಲಿ ಸುಯ್ ಸುಯ್ ಸದ್ದು. ಇಂಥವರಿಗೆ ಎಸಿಒ, ಅಂದರೆ ಅಸ್ತಮಾ-ಸಿಒಪಿಡಿ ಓವರ್‌ಲ್ಯಾಪ್ (ಎರಡರ ಲಕ್ಷಣವೂ ಬೆರೆತದ್ದು) ಅಂತ ಬರೆಯುತ್ತಿದ್ದರು. ಸಿಒಪಿಡಿಗೆ ಮಾರ್ಗಸೂಚಿ ಕೊಡುವ ಅಂತರರಾಷ್ಟ್ರೀಯ ತಜ್ಞರ ತಂಡ ಗೋಲ್ಡ್, ಅದರ 2020ರ ವರದಿ ಆ ಹೆಸರನ್ನೇ ಕೈಬಿಟ್ಟಿತು. ಎರಡೂ ಬೇರೆ ಕಾಯಿಲೆ, ಒಬ್ಬರಲ್ಲೇ ಒಟ್ಟಿಗೆ ಇರಬಹುದು ಅಷ್ಟೇ ಅಂದಿತು. ಹೆಸರು ಏನಾದರೂ ಇರಲಿ, ರೋಗಿ ಮುಂದೆ ಕೂತಿದ್ದಾರಲ್ಲ.

ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆ ಮಾಡಿ, ಶ್ವಾಸನಾಳ ಹಿಗ್ಗಿಸುವ ಸಾಲ್ಬ್ಯುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು, ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಆಗಲೂ ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ), ಎಫ್‌ವಿಸಿ (ಪೂರ್ತಿ ಊದಿದ ಗಾಳಿ) ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ಅಡಚಣೆ ಉಳಿದಿದೆ ಅಂತ ಅರ್ಥ. ಎಫ್‌ಇವಿ1 12% ಮತ್ತು 200 ಮಿ.ಲೀ. ಏರಿದ ತಕ್ಷಣ ಅಸ್ತಮಾ ಅಂತ ಬರೆದುಬಿಡಬೇಡಿ, ಸಿಒಪಿಡಿಯಲ್ಲೂ ಅಷ್ಟು ಏರುತ್ತದೆ. 400 ಮಿ.ಲೀ. ಜಿಗಿದರೆ ಮಾತ್ರ ಅಸ್ತಮಾದ ಅನುಮಾನ ಗಟ್ಟಿ. ಇನ್ನು ಸರಿಯಾಗಿ ಔಷಧಿ ತೆಗೆದುಕೊಳ್ಳದ ಹಳೇ ಅಸ್ತಮಾದಲ್ಲೂ ಅಡಚಣೆ ಶಾಶ್ವತವಾಗಿ ನಿಂತುಬಿಡಬಹುದು. ಹಾಗಾಗಿ ನನಗೆ ಯಂತ್ರಕ್ಕಿಂತ ರೋಗಿಯ ಮಾತಿನ ಮೇಲೇ ಜಾಸ್ತಿ ನಂಬಿಕೆ: 40ಕ್ಕೆ ಮೊದಲೇ ಶುರುವಾಯಿತಾ, ದಿನದಿಂದ ದಿನಕ್ಕೆ ಏರಿಳಿತ ಇದೆಯಾ, ಧೂಳಿಗೆ ಸೀನು ಬರುತ್ತಾ? ರಕ್ತದಲ್ಲಿ ಇಯೋಸಿನೋಫಿಲ್ (ಅಲರ್ಜಿಯಲ್ಲಿ ಏರುವ ಒಂದು ಬಗೆಯ ಬಿಳಿ ರಕ್ತಕಣ) ಮೈಕ್ರೋಲೀಟರ್‌ಗೆ 300 ದಾಟಿದ್ದರೆ ಸ್ಟೀರಾಯ್ಡ್ ಇನ್ಹೇಲರ್ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಆದರೆ ಹೊಟ್ಟೆಹುಳ ಇದ್ದರೂ ಅದು ಏರುತ್ತದೆ, ಮೊನ್ನೆ ತಾನೇ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಇಳಿದಿರುತ್ತದೆ. ಎಕ್ಸ್‌ರೇ ಬಿಡಬೇಡಿ, ಹಳೇ ಟಿಬಿ ಕೂಡ ಇದೇ ಥರ ಅಡಚಣೆ ಬಿಟ್ಟುಹೋಗುತ್ತದೆ.

ಚಿಕಿತ್ಸೆಯಲ್ಲಿ ಒಂದು ವಿಷಯ ಮರೆಯಲೇಬಾರದು. ಅಸ್ತಮಾದ ಗುರುತು ಸ್ವಲ್ಪ ಇದ್ದರೂ ಉಸಿರಲ್ಲಿ ಎಳೆಯುವ ಸ್ಟೀರಾಯ್ಡ್ ಇರಲೇಬೇಕು. ಸಿಒಪಿಡಿ ಅಂದುಕೊಂಡು ದೀರ್ಘಕಾಲ ಕೆಲಸ ಮಾಡುವ ಬ್ರಾಂಕೋಡೈಲೇಟರ್ (ಶ್ವಾಸನಾಳ ಹಿಗ್ಗಿಸುವ ಔಷಧಿ) ಒಂದನ್ನೇ ಕೊಟ್ಟರೆ ದಮ್ಮು ಕಡಿಮೆಯಾದಂತೆ ಕಾಣುತ್ತದೆ, ಒಳಗಿನ ಉರಿಯೂತ ಹಾಗೇ ಇರುತ್ತದೆ, ಒಂದು ರಾತ್ರಿ ಜೋರಾಗಿ ಕೆರಳಿ ಪ್ರಾಣಕ್ಕೇ ಬರಬಹುದು. ಅದಕ್ಕೇ ಸ್ಟೀರಾಯ್ಡ್ ಮತ್ತು ಬ್ರಾಂಕೋಡೈಲೇಟರ್ ಎರಡೂ ಇರುವ ಬ್ಯುಡೆಸೊನೈಡ್-ಫಾರ್ಮೊಟೆರಾಲ್‌ನಿಂದ ಶುರು ಮಾಡಿ, ಸಾಲದಿದ್ದರೆ ಟಯೋಟ್ರೋಪಿಯಂ ಎಂಬ ಇನ್ನೊಂದು ಬಗೆಯ ಬ್ರಾಂಕೋಡೈಲೇಟರ್ ಸೇರಿಸುವುದು. ಸುಮ್ನೆ ಸ್ಟೀರಾಯ್ಡ್ ಡೋಸ್ ಏರಿಸಬೇಡಿ, ಸಿಒಪಿಡಿ ಇರುವವರಿಗೆ ನ್ಯುಮೋನಿಯಾ ಭಯ ಇದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲು ಹೇಳಿ. ಇನ್ಹೇಲರ್ ನಿಮ್ಮ ಎದುರಿಗೇ ಎಳೆಸಿ ನೋಡಿ. ಎಷ್ಟೋ ಸಲ ಔಷಧಿ ನಾಲಿಗೆ ಮೇಲೇ ಉಳಿದಿರುತ್ತದೆ. ಸೌದೆ ಒಲೆ ಇನ್ನೂ ಉರಿಯುತ್ತಿದೆಯಾ ಕೇಳಿ, ಗ್ಯಾಸ್ ಇದ್ದ ಮನೆಯಲ್ಲೂ ಬಚ್ಚಲ ಒಲೆ ಇರುತ್ತದೆ ಅಲ್ವಾ? ಹಾಗೇ ಗ್ಲಾಕೋಮಾಕ್ಕೆ ಟಿಮೊಲಾಲ್ ಕಣ್ಣಿನ ಹನಿ ಹಾಕುತ್ತಿದ್ದಾರಾ ಅಂತಲೂ ಕೇಳಿ, ಅದರಿಂದಲೂ ಉಬ್ಬಸ ಕೆರಳುತ್ತದೆ.