ಬ್ರೇಡ್ ದಾರ ಕಿತ್ತುಹೋಗುವುದೇಕೆ

ಗಾಳಕ್ಕೆ ತಂಗೂಸಿ ಬಿಟ್ಟು ಬ್ರೇಡ್, ಅಂದರೆ ಹೆಣೆದ ದಾರಕ್ಕೆ ಬಂದವರ ಮೊದಲ ದೂರು ಹೆಚ್ಚುಕಮ್ಮಿ ಒಂದೇ: ‘ಪೊಟ್ಟಣದ ಮೇಲೆ 20 ಪೌಂಡ್ ಅಂತಿದೆ, ಎರಡು ಕಿಲೋ ಮೀನಿಗೇ ಕಿತ್ತುಹೋಯ್ತು.’ 20 ಪೌಂಡ್ ಅಂದರೆ ಸುಮಾರು 9 ಕಿಲೋ ಎಳೆತ ತಡೆಯಬೇಕು. ತಪ್ಪು ದಾರದ್ದಾಗಿರುವುದು ಕಡಿಮೆ. ಕಿತ್ತ ತುದಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗಂಟಿನ ಸುತ್ತುಗಳ ಗುರುತು ಉಳಿದು ತುದಿ ನುಲಿಚಿಕೊಂಡಿದ್ದರೆ ಗಂಟು ಜಾರಿದೆ. ಹಿಂಜಿದ ಹತ್ತಿಯ ಹಾಗೆ ಕೆದರಿದ್ದರೆ ಕಲ್ಲಿಗೋ ಕೋಲಿನ ಮೇಲೆ ದಾರ ಹಾಯುವ ರಿಂಗಿಗೋ ಉಜ್ಜಿದೆ. ಬ್ಲೇಡಿನಲ್ಲಿ ಕುಯ್ದಂತಿದ್ದರೆ ಹಲ್ಲೋ ಚಿಪ್ಪೋ ತಗುಲಿದೆ.

ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರಿನಲ್ಲಿ ಬರುವ ವಿಶೇಷ ಪಾಲಿಥಿಲೀನ್ ಎಳೆಗಳನ್ನು ನಾಲ್ಕೋ ಎಂಟೋ ಸೇರಿಸಿ ಜಡೆಯಂತೆ ಹೆಣೆದರೆ ಈ ದಾರ. ತಂಗೂಸಿ, ಅಂದರೆ ನೈಲಾನ್, ಕಿತ್ತುಹೋಗುವ ಮುನ್ನ ಶೇ. 20ಕ್ಕಿಂತ ಹೆಚ್ಚು ಹಿಗ್ಗುತ್ತದೆ. ಬ್ರೇಡ್ ಹಿಗ್ಗುವುದು ಶೇ. 3–5 ಅಷ್ಟೇ. ಮೇಲಾಗಿ ಮೈ ಜಾರು, ನೀರಿನಲ್ಲಿ ತೇಲುತ್ತದೆ, ಸುಮಾರು 150 ಡಿಗ್ರಿಗೇ ಕರಗುತ್ತದೆ. ಮೀನು ಮುಟ್ಟಿದ್ದು ಬೆರಳಿಗೆ ತಕ್ಷಣ ತಿಳಿಯುವುದು ಹಿಗ್ಗದ ಗುಣದಿಂದ. ಮೀನು ಒಮ್ಮೆಲೇ ತಿರುಗಿದಾಗ ಆ ಎಳೆತವನ್ನು ನುಂಗಿಕೊಳ್ಳಲು ಏನೂ ಇಲ್ಲದಿರುವುದೂ ಅದರಿಂದಲೇ. ಆಗ ಪೆಟ್ಟು ಗಂಟಿಗೆ, ಕೊಕ್ಕೆಗೆ, ಇಲ್ಲವೇ ಮೀನಿನ ತುಟಿಗೆ ಬೀಳುತ್ತದೆ. ಜಿಲೇಬಿ ಮೀನಿನ ತೆಳು ತುಟಿ ಹರಿದು ಕೊಕ್ಕೆ ಬರಿದಾಗಿ ಬರುವುದು ಹೀಗೆ.

ಬ್ರೇಡ್ ನಿಜವಾಗಿ ಬೇಕಾಗುವುದು ಜೊಂಡು, ತಾವರೆ, ಅಂತರಗಂಗೆ ಕವಿದ ಕೆರೆಯಲ್ಲಿ ಕೊಕ್ಕೆಯಿರುವ ರಬ್ಬರ್ ಕಪ್ಪೆಯನ್ನು ಆಮಿಷವಾಗಿ ಎಳೆದು ಕೊರವ ಮೀನು ಹಿಡಿಯುವವರಿಗೆ. ಅಲ್ಲಿ 40–50 ಪೌಂಡಿನ ದಾರವನ್ನು ಲೀಡರ್ (ದಾರಕ್ಕೂ ಕೊಕ್ಕೆಗೂ ನಡುವೆ ಕಟ್ಟುವ ಬೇರೆ ದಾರದ ತುಂಡು) ಇಲ್ಲದೆ ನೇರ ಕಟ್ಟಿ. ಕಳೆಯ ನಡುವೆ ಮೀನು ದಾರವನ್ನು ನೋಡುವುದಿಲ್ಲ, ತೆಳ್ಳನೆಯ ದಾರ ಹಸಿ ಕಾಂಡವನ್ನು ಕುಯ್ದುಕೊಂಡೂ ಬರುತ್ತದೆ. ಕೊರವ ಕಪ್ಪೆಯ ಮೇಲೆ ಎಗರಿದ ಕ್ಷಣ ಕೋಲು ಎತ್ತಬೇಡಿ. ದಾರದಲ್ಲಿ ಮೀನಿನ ತೂಕ ಗೊತ್ತಾಗುವವರೆಗೆ ಒಂದೆರಡು ಸೆಕೆಂಡು ತಡೆದು ಆಮೇಲೆ ಎಳೆಯಿರಿ. (ಕೆರೆಯ ಮೀನಿನ ಹಕ್ಕು ಬಹುಪಾಲು ಗುತ್ತಿಗೆಯಲ್ಲಿರುತ್ತದೆ, ಕೇಳಿಯೇ ಗಾಳ ಹಾಕಿ.) ಬಯಲು ನೀರಿನಲ್ಲಿ ಸಣ್ಣ ಸ್ಪಿನ್ನರ್ (ತಿರುಗುವ ತಗಡಿನ ಆಮಿಷ) ಎಸೆಯಲು 10–15 ಪೌಂಡ್ ಸಾಕು. ಹಿಟ್ಟಿನುಂಡೆ ಹಾಕಿ ರೋಹು, ಕಾಟ್ಲಾಗೆ ಕಾಯುವವರಿಗೆ ತಂಗೂಸಿಯೇ ವಾಸಿ. ಬ್ರೇಡಿಗೆ ಕೊಡುವ ದುಡ್ಡು ಅಲ್ಲಿ ದಂಡ.

ರೀಲಿಗೆ ಸುತ್ತುವಾಗ ಆಗುವ ತಪ್ಪು ಕೆರೆಯಲ್ಲಿ ಹೊರಬೀಳುತ್ತದೆ. ರೀಲಿನಲ್ಲಿ ದಾರ ಸುತ್ತಿಕೊಳ್ಳುವ ಉರುಳೆಯೇ ಸ್ಪೂಲ್. ಬರಿ ಲೋಹದ ಸ್ಪೂಲಿಗೆ ಬ್ರೇಡ್ ಕಟ್ಟಿದರೆ ಅದು ಹಿಡಿದುಕೊಳ್ಳದು, ಇಡೀ ಸುತ್ತು ಸ್ಪೂಲಿನ ಮೇಲೆ ಜಾರುತ್ತದೆ. ಮೀನು ಎಳೆದಾಗ ಡ್ರ್ಯಾಗ್ (ಎಳೆತ ಮಿತಿ ಮೀರಿದರೆ ದಾರ ಬಿಡುವ ರೀಲಿನ ಬ್ರೇಕು) ಕೆಟ್ಟಿದೆ ಅನ್ನಿಸುವುದು ಇದಕ್ಕೇ. ತಳಕ್ಕೆ ಕನಿಷ್ಠ ಹತ್ತು ಸುತ್ತು ತಂಗೂಸಿ ಹಾಕಿ. ಸ್ಪೂಲ್ ದೊಡ್ಡದಾಗಿದ್ದರೆ ಅಳತೆಯೂ ಬೇಕು. ಉದಾಹರಣೆಗೆ, ಸ್ಪೂಲಿನ ಮೇಲೆ 0.30 ಮಿ.ಮೀ. ದಾರ 150 ಮೀಟರ್ ಎಂದು ಬರೆದಿದೆ, ನಿಮ್ಮ ಬಳಿ 0.23 ಮಿ.ಮೀ. ಬ್ರೇಡ್ 100 ಮೀಟರ್ ಇದೆ. ದಪ್ಪದ ವರ್ಗವನ್ನು ಉದ್ದದಿಂದ ಗುಣಿಸಿ: ಸ್ಪೂಲಿಗೆ 13.5, ಬ್ರೇಡಿಗೆ 5.3. ಉಳಿದ 8.2ನ್ನು 0.09ರಿಂದ ಭಾಗಿಸಿದರೆ ಸುಮಾರು 90 ಮೀಟರ್. 0.30 ಮಿ.ಮೀ. ತಂಗೂಸಿ ಅಷ್ಟು ಅಡಿಗೆ ಹೋಗಬೇಕು. ಬ್ರೇಡ್ ಅಮುಕಿದರೆ ಚಪ್ಪಟೆಯಾಗುವುದರಿಂದ ಲೆಕ್ಕ ಕೂದಲೆಳೆಯಷ್ಟು ನಿಖರವಲ್ಲ, ಕೆಲಸಕ್ಕೆ ಸಾಕು. ಸ್ಪೂಲಿನ ಅಂಚಿಗೆ 2 ಮಿ.ಮೀ. ಬಿಟ್ಟು ನಿಲ್ಲಿಸಿ.

ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಒತ್ತಿ ಹಿಡಿದು ಬಿಗಿಯಾಗಿಯೇ ಸುತ್ತಿ. ಸಡಿಲವಾಗಿದ್ದರೆ ದೊಡ್ಡ ಮೀನು ಎಳೆದಾಗ ಮೇಲಿನ ದಾರ ಕೆಳಗಿನ ಪದರದೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಮುಂದಿನ ಎಸೆತ ಅರ್ಧಕ್ಕೇ ನಿಂತು ಕಪ್ಪೆ ಕಿತ್ತುಕೊಂಡು ಹಾರುತ್ತದೆ. ಎಸೆದ ಮೇಲೆ ಹಿಡಿ ತಿರುಗಿಸಿ ಬೇಲ್ (ದಾರವನ್ನು ಸ್ಪೂಲಿಗೆ ತಿರುಗಿಸುವ ತಂತಿಯ ಬಳೆ) ಮುಚ್ಚುವ ಅಭ್ಯಾಸವನ್ನೂ ಬಿಡಿ. ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಮೆಲ್ಲಗೆ ಎಳೆದು ಆಮೇಲೆ ಸುತ್ತಿ. ಎಸೆಯುವಾಗ ಹಕ್ಕಿಗೂಡಿನಂತೆ ಗೋಜಲು ಹೊರಬರುವುದು ಬಹುಮಟ್ಟಿಗೆ ಇದರಿಂದಲೇ ನಿಲ್ಲುತ್ತದೆ.

ಗಂಟಿನ ವಿಷಯಕ್ಕೆ ಬಂದರೆ, ತಂಗೂಸಿಗೆ ಹಾಕುತ್ತಿದ್ದ ಐದು ಸುತ್ತಿನ ಮಾಮೂಲಿ ಗಂಟು ಇಲ್ಲಿ ಜಾರುತ್ತದೆ. ಕೊಕ್ಕೆಗೆ ಪಾಲೋಮಾರ್ ಎಂಬ ಗಂಟು ಕಟ್ಟಿ. 15 ಸೆಂ.ಮೀ. ದಾರ ಮಡಚಿ, ಮಡಿಕೆಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಆ ಜೋಡಿ ದಾರದಲ್ಲೇ ಒಂದು ಸಡಿಲ ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಕೊಕ್ಕೆಯನ್ನೇ ದಾಟಿಸಿ, ಎಂಜಲು ಹಚ್ಚಿ ನಿಧಾನ ಬಿಗಿಯಿರಿ. ರಬ್ಬರ್ ಕಪ್ಪೆಯಾದರೆ ಕುಣಿಕೆ ಅದರ ಮೈ ದಾಟುವಷ್ಟು ಉದ್ದ ಇರಲಿ. ತುದಿಯನ್ನು 4–5 ಮಿ.ಮೀ. ಬಿಟ್ಟೇ ಕತ್ತರಿಸಿ. ಬೆಂಕಿಕಡ್ಡಿಯಲ್ಲಿ ಸುಡುವವರಿದ್ದಾರೆ, ಆ ಶಾಖ ಗಂಟಿಗೂ ತಲುಪಿ ಬಲ ಕಳೆಯುತ್ತದೆ.

ತಿಳಿನೀರಿಗೆ, ಕಲ್ಲಿನ ತಳಕ್ಕೆ ಲೀಡರ್ ಬೇಕೇ ಬೇಕು: 0.30–0.40 ಮಿ.ಮೀ. ತಂಗೂಸಿ ಅಥವಾ ಫ್ಲೋರೋಕಾರ್ಬನ್ (ತಂಗೂಸಿಯಂಥದೇ ಇನ್ನೊಂದು ಒಂಟಿ ಎಳೆಯ ದಾರ), 60ರಿಂದ 90 ಸೆಂ.ಮೀ. ಇಷ್ಟೇ ಉದ್ದವಾದರೆ ಎಸೆಯುವಾಗ ಜೋಡಣೆಯ ಗಂಟು ಕೋಲಿನ ರಿಂಗಿಗೆ ಹೊಗದೆ ಹೊರಗೇ ಉಳಿಯುತ್ತದೆ. ಎರಡನ್ನೂ ಜೋಡಿಸಲು ಜೋಡಿ ಯೂನಿ ಗಂಟು ಸುಲಭ: ಬ್ರೇಡ್ ಕಡೆ 8 ಸುತ್ತು, ತಂಗೂಸಿ ಕಡೆ 5. ಎಫ್‌ಜಿ ಗಂಟು ಇನ್ನೂ ತೆಳು, ಗಟ್ಟಿ. ಆದರೆ ದಡದಲ್ಲಿ ಗಾಳಿಗೆ ಎದುರಾಗಿ ಕಟ್ಟುವಷ್ಟು ಕೈ ಪಳಗುವವರೆಗೆ ಮನೆಯಲ್ಲೇ ಕಟ್ಟಿಕೊಂಡು ಹೋಗಿ.

ಡ್ರ್ಯಾಗ್ ಇಡುವಾಗ ದಾರದ ಬಲ ನೋಡಬೇಡಿ, ಇಡೀ ಸರಪಳಿಯಲ್ಲಿ ಯಾವುದು ದುರ್ಬಲವೋ ಅದನ್ನು ನೋಡಿ. ಲೀಡರ್ 6 ಕಿಲೋದ್ದಾದರೆ ಅದರ ಕಾಲುಭಾಗ, 1.5 ಕಿಲೋ. ದಾರವನ್ನು ಎಲ್ಲ ರಿಂಗುಗಳಲ್ಲಿ ದಾಟಿಸಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಕೋಲು ಬಾಗುವಂತೆ ಎಳೆದಾಗ 1.5ಕ್ಕೆ ದಾರ ಬಿಡಬೇಕು. ಡ್ರ್ಯಾಗ್ ಪೂರ್ತಿ ಬಿಗಿದು 50 ಪೌಂಡಿನ ದಾರವನ್ನು ಸಾಧಾರಣ ಕೋಲಿಗೆ ಹಾಕಿದರೆ ಮೊದಲು ಮುರಿಯುವುದು ಕೋಲು.

ಕೊಕ್ಕೆ ಬೇರಿಗೆ ಸಿಕ್ಕಾಗ ದಾರವನ್ನು ಅಂಗೈಗೆ ಸುತ್ತಿ ಎಳೆದರೆ ಚರ್ಮ ಕುಯ್ಯುತ್ತದೆ. ಒಂದು ಗಟ್ಟಿ ಕಡ್ಡಿಗೆ ನಾಲ್ಕೈದು ಸುತ್ತು ಹಾಕಿ, ಕೋಲನ್ನು ಪಕ್ಕಕ್ಕಿಟ್ಟು ಹಿಂದೆ ನಡೆಯಿರಿ.

ಹಳೆಯ ಕೋಲಿಗೆ ಬ್ರೇಡ್ ಹಾಕುವ ಮುನ್ನ ಪ್ರತಿ ರಿಂಗಿನೊಳಗೆ ಹತ್ತಿ ಉಂಡೆ ಒರೆಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರೋ ಬಿರುಕೋ ಇದೆ, ರಿಂಗ್ ಬದಲಿಸಿ. ರೀಲಿನ ಲೈನ್ ರೋಲರ್ (ಬೇಲ್‌ನ ಬುಡದಲ್ಲಿ ದಾರ ಹಾಯುವ ಪುಟ್ಟ ಗಾಲಿ) ಬೆರಳಿಗೆ ತಿರುಗುತ್ತದೆಯೇ ನೋಡಿ, ಇಲ್ಲವಾದರೆ ಒಂದು ಹನಿ ತೆಳು ಎಣ್ಣೆ ಬಿಡಿ. ಬಣ್ಣ ಮಾಸಿತೆಂದು ದಾರ ಎಸೆಯಬೇಕಿಲ್ಲ. ಪ್ರತಿ ಸಲವೂ ಮುಂದಿನ ಎರಡು ಮೀಟರನ್ನು ಬೆರಳ ನಡುವೆ ಜಾರಿಸಿ, ಒರಟಾದ ಕಡೆ ಕತ್ತರಿಸಿ. ಮುಂದಿನ ಭಾಗ ಪೂರ್ತಿ ಕೆದರಿದಾಗ ದಾರವನ್ನು ತಲೆಕೆಳಗು ಮಾಡಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ. ಕತ್ತರಿಸಿದ ತುಂಡುಗಳನ್ನು ದಡದಲ್ಲಿ ಬಿಡಬೇಡಿ. ಅವು ಕೊಳೆಯುವುದಿಲ್ಲ, ನೀರುಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ. ಚೀಲದಲ್ಲಿ ಖಾಲಿ ಡಬ್ಬಿಯೊಂದು ಇರಲಿ. ಮನೆಗೆ ತಂದು ಚೂರುಚೂರು ಮಾಡಿ ಒಣ ಕಸಕ್ಕೆ ಹಾಕಿ.